ಎರಡನೇ ಹಲ್ಲು

ನನ್ನ ಅಮ್ಮನ ಬಾಯಲ್ಲಿರುವ ಹಲ್ಲಿನ ಸೆಟ್ಟು ನಾನೇ ಮಾಡಿಕೊಟ್ಟದ್ದು. ಮೇಲಿನದೂ ನನ್ನದೇ, ಕೆಳಗಿನದೂ ನನ್ನದೇ. ಆ ಹಲ್ಲು ಹಾಕಿಕೊಂಡು ಅವಳು ಭಾನುವಾರ ಭಾನುವಾರ ನನ್ನ ಮಾಜಿ ಗಂಡನ ಮಾತಿಗೆ ನಗುತ್ತಿದ್ದಳು. ಎದುರಿನ ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತು ಮಹಡಿಯ ಕಿಟಕಿಯಲ್ಲಿ ಆ ನಗುವನ್ನು ನೋಡುವಾಗ ನನ್ನ ಹೊಟ್ಟೆಯೊಳಗೆ ಯಾರೋ ಒಲೆ ಹಚ್ಚಿದಂತಾಗುತ್ತಿತ್ತು. ಅದಕ್ಕೊಂದು ಮರ್ಯಾದಸ್ಥ ಹೆಸರು ಹುಡುಕಿ ಪ್ರಯೋಜನವಿಲ್ಲ. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ.

ಮೊದಲಿಂದ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವೂ ಅವನ ಕಡೆಗೇ ವಾಲುತ್ತೀರಿ. ಎಲ್ಲರೂ ವಾಲುತ್ತಾರೆ, ಅವನ ಮಾತು ಹಾಗಿದೆ. ಅವನು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವ ಮೇಷ್ಟ್ರು. ಆ ಕಾರುಗಳಲ್ಲಿ ಕಲಿಸುವವನ ಕಾಲಡಿಯಲ್ಲೂ ಒಂದು ಬ್ರೇಕ್ ಇರುತ್ತದೆ. ಮದುವೆಯಲ್ಲೂ ಅವನು ಅದೇ ಮಾಡಿದ. ಸ್ಟೀರಿಂಗ್ ನನ್ನ ಕೈಗೆ ಕೊಟ್ಟಂತೆ ಮಾಡಿ, ಪಕ್ಕದಲ್ಲಿ ಕೂತು, ತನಗೆ ಬೇಕಾದಲ್ಲಿ ಬ್ರೇಕ್ ಒತ್ತುತ್ತಿದ್ದ. ನಾನೂ ಏನು ಬಾಯಲ್ಲಿ ಬೆರಳಿಟ್ಟರೆ ಕಚ್ಚದವಳಲ್ಲ. ಒಂದು ಮಾತಿಗೆ ಹತ್ತು ಮಾತು ಎಸೆಯುವ ಜಾತಿ. ಕೊನೆಗೆ ಗುಬ್ಬಿಗೆ ನಾಲ್ಕು ವರ್ಷವಾಗಿದ್ದಾಗ ಬೇರೆಯಾದೆವು. ಗುಬ್ಬಿ ಅಂದರೆ ನಮ್ಮ ಮಗಳು.

ಮಗಳು ನನ್ನ ಹತ್ತಿರ ಇರಬೇಕು, ಅವನು ತಿಂಗಳ ಖರ್ಚಿಗೆ ದುಡ್ಡು ಕಳಿಸಬೇಕು, ವಾರಕ್ಕೊಮ್ಮೆ ಅವಳನ್ನು ಕರೆದುಕೊಂಡು ಹೋಗಬಹುದು ಎಂದು ಕೋರ್ಟು ಹೇಳಿತ್ತು. ಕೇಳುವುದಕ್ಕೆ ಎಷ್ಟು ಸಲೀಸು. ಅವನು ದುಡ್ಡು ತಡಮಾಡಿದರೆ ನಾನು ಮಗಳಿಗೆ ಜ್ವರ ಎನ್ನುತ್ತಿದ್ದೆ. ನಾನು ಜ್ವರ ಎಂದರೆ ಅವನು ದುಡ್ಡೇ ನಿಲ್ಲಿಸುತ್ತಿದ್ದ. ಕೋಳಿ ಮೊದಲೋ ಮೊಟ್ಟೆ ಮೊದಲೋ ನಮಗೇ ಮರೆತುಹೋಗಿತ್ತು. ಹಾಗಿರುವಾಗ ಒಂದು ಮಧ್ಯಾಹ್ನ ಅವನು ನನಗೆ ಹೇಳದೆ ಕೇಳದೆ ಗುಬ್ಬಿಯನ್ನು ಶಾಲೆಯಿಂದ ಕರೆದುಕೊಂಡು ತನ್ನ ಅಕ್ಕನ ಮನೆಗೆ ಹೋದ. ಫೋನ್ ಆಫ್. ಮರುದಿನ ಅವಳನ್ನು ತಂದು ಬಿಡುವವರೆಗೆ ನಾನು ಪಟ್ಟ ಪಾಡು ಶತ್ರುವಿಗೂ ಬೇಡ. ಶತ್ರು ಅಂದರೆ ಅವನೇ, ಆದರೂ ಬೇಡ.

ಜಡ್ಜು ಇಬ್ಬರ ಮುಖದ ನೀರನ್ನೂ ಇಳಿಸಿದರು. ದುಡ್ಡಿನ ಲೆಕ್ಕ ಬೇರೆ, ಮಗುವಿನ ಲೆಕ್ಕ ಬೇರೆ, ಮಗು ಏನು ಒತ್ತೆಯಿಟ್ಟ ಒಡವೆಯೇ ಎಂದು ಕೇಳಿದರು. ಇನ್ನು ಆರು ತಿಂಗಳು ಅವನು ಮಗಳನ್ನು ಹೊರಗೆ ಕರೆದೊಯ್ಯುವಂತಿಲ್ಲ. ಕುಟುಂಬ ಸಲಹಾ ಕೇಂದ್ರದ ಮಹಡಿಯ ಕೋಣೆಯಲ್ಲಿ, ಒಬ್ಬರ ಕಣ್ಣೆದುರಿಗೆ ಮಾತ್ರ ಭೇಟಿ. ಆಮೇಲೆ ಕಣ್ಣಿಟ್ಟವರನ್ನು ಕೇಳಿ ಮುಂದಿನದು ತೀರ್ಮಾನ. ಆ ದಿನಗಳಲ್ಲಿ ನನ್ನ ಲಾಯರಿನಿಂದ ಹಿಡಿದು ಲ್ಯಾಬಿಗೆ ಪಾರ್ಸೆಲ್ ತರುವವನವರೆಗೆ ಎಲ್ಲರೂ ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂದು ನನಗೆ ಹೇಳಿಹೋದರು. ಗಾದೆಗೆ ತೆರಿಗೆ ಇದ್ದಿದ್ದರೆ ಇಷ್ಟು ಜನ ಹೇಳುತ್ತಿರಲಿಲ್ಲ.

ಕೇಂದ್ರದಲ್ಲಿ ಭಾನುವಾರ ಕೂರಲು ಸಿಬ್ಬಂದಿ ಇರಲಿಲ್ಲ. ಇಬ್ಬರಿಗೂ ಒಪ್ಪಿಗೆಯಾಗುವ ಸಂಬಂಧಿಕರು ಯಾರಾದರೂ ಇದ್ದರೆ ಹೇಳಿ ಎಂದು ಅಲ್ಲಿನ ಕೌನ್ಸೆಲರ್ ಮೇಡಂ ಕೇಳಿದರು. ನಾನು ಯೋಚಿಸುತ್ತಿರುವಾಗಲೇ ಅವನು, ಅತ್ತೆ ಕೂತರೆ ನನ್ನದೇನೂ ತಕರಾರಿಲ್ಲ ಎಂದ. ಅವನ ಅತ್ತೆ ಎಂದರೆ ನನ್ನ ಅಮ್ಮ. ನನ್ನ ಮನೆಯಲ್ಲೇ ಇರುವವಳು, ನಾನು ಕೆಲಸಕ್ಕೆ ಹೋದಾಗ ಗುಬ್ಬಿಯನ್ನು ನೋಡಿಕೊಳ್ಳುವವಳು, ಗುಬ್ಬಿ ಮನೆಗೆ ಬಾರದ ಆ ರಾತ್ರಿ ನನ್ನ ಜೊತೆ ಬಾಗಿಲಲ್ಲಿ ನಿಂತಿದ್ದವಳು. ತನ್ನ ಗುಂಡಿ ತಾನೇ ತೋಡಿಕೊಂಡ ಎಂದುಕೊಂಡು, ಅವನು ಮನಸ್ಸು ಬದಲಿಸುವ ಮೊದಲೇ ಆಗಲಿ ಎಂದುಬಿಟ್ಟೆ.

ಮೊದಮೊದಲು ಅಮ್ಮ ಚೆನ್ನಾಗಿಯೇ ಕಾವಲು ಕಾದಳು. ಮುಖ ಗಂಟಿಕ್ಕಿಕೊಂಡು ಹೋಗಿ ಮುಖ ಗಂಟಿಕ್ಕಿಕೊಂಡು ಬರುತ್ತಿದ್ದಳು. ಕೋಣೆಯಲ್ಲಿ ಏನಾಯಿತು ಎಂದರೆ ಏನೂ ಆಗಲಿಲ್ಲ ಎನ್ನುತ್ತಿದ್ದಳು. ನನಗೆ ತೃಪ್ತಿಯಾಗುತ್ತಿತ್ತು. ಆಮೇಲೆ ಒಂದು ಭಾನುವಾರ ಮೆಟ್ಟಿಲಿಳಿದು ಬರುವಾಗಲೇ ಹೇಳಿದಳು, ಅಳಿಯಂದ್ರು ಇವತ್ತು ರಟ್ಟಿನಲ್ಲಿ ಸಿಗ್ನಲ್ ಲೈಟ್ ಮಾಡಿಕೊಂಡು ಬಂದಿದ್ದರು ಎಂದು. ಅಳಿಯ ಅಲ್ಲ, ಮಗಳ ಗಂಡ ಎಂದು ಜನ ತಮಾಷೆ ಮಾಡುತ್ತಾರಲ್ಲ, ಈಗ ಅವನು ಅಳಿಯನೂ ಅಲ್ಲ, ಮಗಳ ಗಂಡನೂ ಅಲ್ಲ. ಅಮ್ಮನಿಗೆ ಮಾತ್ರ ಇನ್ನೂ ಅಳಿಯಂದ್ರು, ಅದೂ ಬಹುವಚನದಲ್ಲಿ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ.

ಭೇಟಿಯ ಹೊತ್ತಿನಲ್ಲಿ ನಾನು ಕಟ್ಟಡದೊಳಗೆ ಇರಕೂಡದು ಎಂದು ಕರಾರು. ಬಸ್ ಸ್ಟಾಪು ಕಟ್ಟಡದೊಳಗೆ ಬರುವುದಿಲ್ಲವಲ್ಲ. ಅಲ್ಲಿಂದ ನೋಡಿದರೆ ಕಿಟಕಿಯಲ್ಲಿ ಮೂರು ತಲೆ ಕಾಣುತ್ತಿದ್ದವು. ಮೂರು ಕುರ್ಚಿ ಇಟ್ಟು ಕಾರು ಮಾಡಿಕೊಂಡಿದ್ದರು. ಗುಬ್ಬಿ ಡ್ರೈವರ್, ಪಕ್ಕದಲ್ಲಿ ಅವನು, ಹಿಂದಿನ ಸೀಟಿನಲ್ಲಿ ಪ್ಯಾಸೆಂಜರ್ ಆಗಿ ನನ್ನ ಅಮ್ಮ. ತಿರುವು ಬಂದಾಗ ಮೂವರೂ ಒಟ್ಟಿಗೆ ಎಡಕ್ಕೆ ವಾಲುತ್ತಿದ್ದರು. ಮತ್ತೆ ಒಟ್ಟಿಗೆ ಬಲಕ್ಕೆ. ಬಸ್ಸುಗಳು ಬಂದು ನಿಂತು, ನನ್ನನ್ನು ಹತ್ತುತ್ತೀಯಾ ಎಂಬಂತೆ ನೋಡಿ, ಹೋಗುತ್ತಿದ್ದವು. ಅರವತ್ತೈದು ದಾಟಿದ ನನ್ನ ಅಮ್ಮ, ಮಂಡಿ ನೋವು ಎಂದು ನನ್ನ ಜೊತೆ ಪಾರ್ಕಿಗೂ ಬರದವಳು, ಅಲ್ಲಿ ಪ್ಲಾಸ್ಟಿಕ್ ಕುರ್ಚಿಯ ಕಾರಿನಲ್ಲಿ ಊರು ಸುತ್ತುತ್ತಿದ್ದಳು.

ಮನೆಗೆ ಬಂದ ಮೇಲೆ ಗುಬ್ಬಿಯನ್ನು ಕೇಳುತ್ತಿದ್ದೆ, ಹೇಗಿತ್ತು ಎಂದು. ಅವಳು ನನ್ನ ಮುಖವನ್ನೊಮ್ಮೆ ನೋಡಿ ಬೋರ್ ಎನ್ನುತ್ತಿದ್ದಳು. ಸುಳ್ಳು ಎಂದು ನನಗೆ ಗೊತ್ತು, ಕಣ್ಣಾರೆ ನೋಡಿದ್ದೇನೆ. ಆದರೂ ಆ ಒಂದು ಮಾತು ಕೇಳಿದರೆ ನನಗೆ ಆ ವಾರಕ್ಕೆ ಸಾಕಾಗುತ್ತಿತ್ತು. ಅವತ್ತು ಅವಳು ಕೇಳಿದ್ದನ್ನು ಮಾಡಿ ಬಡಿಸುತ್ತಿದ್ದೆ.

ದುಡ್ಡು ಈಗ ಸರಿಯಾಗಿ ಬರುತ್ತಿತ್ತು, ಜಡ್ಜಿನ ಭಯ. ಫೋನಿಗೆ ದುಡ್ಡು ಬರುವಾಗ ಜೊತೆಗೆ ಒಂದು ಸಾಲು ಬರೆಯಲು ಜಾಗವಿರುತ್ತದೆ. ಉಳಿದವರು ಅಲ್ಲಿ ಬಾಡಿಗೆ, ಹಾಲು ಎಂದು ಬರೆಯುತ್ತಾರೆ. ಅವನು ಒಂದು ತಿಂಗಳು ಮಗಳಿಗೆ, ಅಮ್ಮನಿಗಲ್ಲ ಎಂದು ಬರೆದ. ಇನ್ನೊಂದು ತಿಂಗಳು ಶೂಗೆ, ಲಿಪ್‌ಸ್ಟಿಕ್ಕಿಗೆ ಅಲ್ಲ ಎಂದು. ನಾನು ಹೊಸ ಶೂವಿನ ಎರಡೂ ಅಟ್ಟೆಗಳ ಫೋಟೋ ತೆಗೆದು ಒಂದಕ್ಷರ ಬರೆಯದೆ ಕಳಿಸಿದೆ. ನಮ್ಮಿಬ್ಬರ ಮಾತುಕತೆ ಅಷ್ಟಕ್ಕೆ ಬಂದು ನಿಂತಿತ್ತು.

ಈ ಹೊತ್ತಿಗೇ ಗುಬ್ಬಿಯ ಕೆಳಗಿನ ಮುಂದಿನ ಹಲ್ಲು ಅಲುಗಾಡತೊಡಗಿತು.

ನನ್ನ ಕೆಲಸ ಹಲ್ಲಿನದು. ಹಲ್ಲಿನ ಡಾಕ್ಟರಲ್ಲ, ಅವರ ಹಿಂದೆ ಕಾಣದ ಹಾಗೆ ಇರುವವಳು. ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ನಮ್ಮ ಲ್ಯಾಬಿಗೆ ಕಳಿಸುತ್ತಾರೆ. ನಾನು ಅದಕ್ಕೆ ಪ್ಲಾಸ್ಟರ್ ಹೊಯ್ದು ಒಸಡು ಮಾಡಿ, ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸಿ, ಕಚ್ಚಿದರೆ ಮೇಲಿನದು ಕೆಳಗಿನದಕ್ಕೆ ಸರಿಯಾಗಿ ಕೂರುತ್ತದೆಯೇ ಎಂದು ನೋಡಿ, ಸೆಟ್ಟು ಮಾಡುತ್ತೇನೆ. ತೀರಾ ಬಿಳಿ ಇಟ್ಟರೆ ಸುಳ್ಳು ಎಂದು ದೂರದಿಂದಲೇ ಗೊತ್ತಾಗುತ್ತದೆ, ಚೂರು ಹಳದಿ ಸೇರಿಸಬೇಕು. ಈ ಊರಿನ ಅರ್ಧದಷ್ಟು ಮುದುಕರು ನನ್ನ ಕೈಯ ಹಲ್ಲಿನಲ್ಲಿ ಉಣ್ಣುತ್ತಾರೆ, ಬೈಯುತ್ತಾರೆ. ಅಂಥವಳ ಮಗಳ ಮೊದಲ ಹಲ್ಲು. ಅದು ನನ್ನ ಕೈಗೇ ಬೀಳಬೇಕು ಎಂದು ನಾನು ಆಸೆಪಟ್ಟದ್ದರಲ್ಲಿ ತಪ್ಪೇನಿದೆ? ಲ್ಯಾಬಿನಿಂದ ಒಂದು ಪುಟ್ಟ ಡಬ್ಬಿ ತಂದು, ಒಳಗೆ ಹತ್ತಿ ಹಾಸಿ, ಕಪಾಟಿನಲ್ಲಿ ಇಟ್ಟುಕೊಂಡಿದ್ದೆ.

ಆ ಡಬ್ಬಿಯನ್ನು ನೋಡಿ ಗುಬ್ಬಿ ಮೆಲ್ಲಗೆ ಹೇಳಿದಳು, ಮೊದಲನೇ ಹಲ್ಲು ಅಪ್ಪನಿಗಂತೆ. ಅಪ್ಪ ಅದನ್ನು ಸಣ್ಣ ಬಾಟಲಿಗೆ ಹಾಕಿ ಕಾರಿನ ಕನ್ನಡಿಗೆ ತೂಗುಹಾಕುತ್ತಾರಂತೆ. ಕಲಿಯಲು ಬಂದವರೆಲ್ಲ ನೋಡುತ್ತಾರಂತೆ.

ನನಗೆ ಮೈಯೆಲ್ಲ ಉರಿದುಹೋಯಿತು. ಹೊತ್ತವಳು ನಾನು, ಆ ಹಲ್ಲು ಬರುವಾಗ ಅವಳ ಜ್ವರಕ್ಕೆ ಒದ್ದೆ ಬಟ್ಟೆ ಹಾಕಿದವಳು ನಾನು, ದಿನಾ ಉಜ್ಜಿಸಿದವಳು ನಾನು. ವಾರಕ್ಕೊಮ್ಮೆ ಬಂದು ಕುರ್ಚಿ ಓಡಿಸುವವನಿಗೆ ಹಲ್ಲು ಬೇಕಂತೆ, ಕಾರಿಗೆ ಕಟ್ಟಲು.

ಶುಕ್ರವಾರ ಬೆರಳಿಟ್ಟು ನೋಡಿದೆ. ಒಂದು ಮೂಲೆಯಲ್ಲಿ ಮಾತ್ರ ಹಿಡಿದುಕೊಂಡಿತ್ತು. ನಿನ್ನೆ ಮೊನ್ನೆ ಈ ಕೆಲಸಕ್ಕೆ ಬಂದವಳಲ್ಲ ನಾನು. ಬಿಟ್ಟರೆ ಭಾನುವಾರವೇ ಬೀಳುತ್ತದೆ ಎಂದು ಗೊತ್ತಾಯಿತು. ಅವನು ಒಂದು ಸೇಬಿನ ಹೋಳು ಕೊಟ್ಟರೆ ಸಾಕು, ಅವನ ಅಂಗೈಯಲ್ಲಿ. ನನ್ನ ಅಮ್ಮ ಹಿಂದಿನ ಸೀಟಿನಿಂದ ಚಪ್ಪಾಳೆ ತಟ್ಟುತ್ತಾಳೆ. ಇದು ಕಣ್ಣಿಗೆ ಕಟ್ಟಿದ ಮೇಲೆ ನನಗೆ ಬೇರೆ ಯೋಚನೆಯೇ ಬರಲಿಲ್ಲ.

ಶನಿವಾರ ಸಂಜೆ ಅಮ್ಮ ಅಂಗಡಿಗೆ ಹೋಗಿದ್ದಳು. ಹಲ್ಲಿನ ಸಂದಿಯನ್ನು ನೋಡಲು ಲ್ಯಾಬಿನಲ್ಲಿ ನಾವು ಬಳಸುವ ಸಣ್ಣ ದಾರ ನನ್ನ ಬ್ಯಾಗಿನಲ್ಲಿತ್ತು. ಗುಬ್ಬಿಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಕೂರಿಸಿ, ಬಾಯಿ ತೆಗಿ ಚಿನ್ನ, ನೋವಾಗುವುದಿಲ್ಲ ಎಂದೆ. ತೆಗೆದಳು. ದಾರ ಸುತ್ತಿದೆ. ಎಳೆಯುವ ಮೊದಲೇ ಕೈಗೆ ಗೊತ್ತಾಯಿತು, ಇನ್ನೂ ಹಣ್ಣಾಗಿಲ್ಲ ಎಂದು. ಆದರೂ ಎಳೆದೆ.

ಅವಳು ಕಿರುಚಿದ್ದು ಒಂದೇ ಸಲ. ಬಾಯಿತುಂಬ ರಕ್ತ. ಸಿಂಕಿಗೆ ಉಗುಳಿಸಿ, ತಣ್ಣೀರು ಮುಕ್ಕಳಿಸಿ, ಹತ್ತಿ ಕಚ್ಚಿಸಿ ಕೂರಿಸಿದೆ. ಆಮೇಲೆ ಅವಳು ಅಳಲಿಲ್ಲ. ಅತ್ತಿದ್ದರೆ ನನಗೂ ಹಗುರವಾಗುತ್ತಿತ್ತು. ಹತ್ತಿ ಕಚ್ಚಿಕೊಂಡು ನನ್ನ ಕೈಯಲ್ಲಿದ್ದ ಹಲ್ಲನ್ನೇ ನೋಡುತ್ತಿದ್ದಳು.

"ಯಾರಾದ್ರೂ ಕೇಳಿದ್ರೆ ತಾನಾಗೇ ಬಿತ್ತು ಅಂತ ಹೇಳು" ಎಂದೆ.

"ಅಜ್ಜಿಗೂ?"

"ಅಜ್ಜಿಗೂ."

ಅಮ್ಮ ಬಂದಳು, ಗುಬ್ಬಿ ಅವಳಿಗೂ ತಾನಾಗೇ ಬಿತ್ತು ಎಂದಳು. ಮರುದಿನ ಕಿಟಕಿಯಲ್ಲಿ ಅವನು ಗುಬ್ಬಿಯ ಗಲ್ಲ ಹಿಡಿದು ಬೆಳಕಿನ ಕಡೆ ಎತ್ತಿ ನೋಡುವುದು ನನಗೆ ಕಂಡಿತು. ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಅದೇ ಸಂತೋಷದಲ್ಲಿ ಅವತ್ತು ನಾನು ಬೆಂಚಿನ ಮೇಲೆ ಕಾಲಮೇಲೆ ಕಾಲು ಹಾಕಿಕೊಂಡು ಕೂತೆ. ಅಮ್ಮ ಕೆಳಗೆ ಬಂದು ಹೇಳಿದಳು, ಅಳಿಯಂದ್ರು ಕೇಳಿದರು, ಇವಳು ತಾನಾಗೇ ಬಿತ್ತು ಎಂದಳು, ಅವರು, ಸರಿ ಹಾಗಾದರೆ ಎರಡನೆಯದು ನನ್ನದು ಎಂದರು.

ಆ ತಿಂಗಳ ದುಡ್ಡಿನ ಜೊತೆ ಬಂದ ಸಾಲು, ಹಲ್ಲು ಕಿತ್ತ ಕೂಲಿ. ಯಾರೂ ಹೇಳದೆ ಅವನಿಗೆ ಹೇಗೆ ಗೊತ್ತಾಯಿತು? ಎಂಟು ವರ್ಷ ಜೊತೆಯಲ್ಲಿದ್ದವನು, ಅವನಿಗೆ ನಾನು ಗೊತ್ತು. ನನಗೆ ಸಿಟ್ಟು ಬರುವುದೂ ಅದಕ್ಕೇ. ಡಬ್ಬಿಯಲ್ಲಿಟ್ಟ ಹಲ್ಲಿನ ಫೋಟೋ ತೆಗೆದು ಅವನಿಗೆ ಕಳಿಸಿದೆ. ಅವನು ತನ್ನ ಲಾಯರಿನಿಂದ ಕಾಗದ ಬರೆಸಿದ, ಮಗುವಿನ ಹಲ್ಲಿನ ವಿಚಾರದಲ್ಲಿ ಇನ್ನು ಮುಂದೆ ಇಬ್ಬರ ಒಪ್ಪಿಗೆಯೂ ಬೇಕು ಎಂದು. ನನ್ನ ಲಾಯರ್ ಅದಕ್ಕೆ, ಹಲ್ಲು ಬೀಳುವುದಕ್ಕೆ ಮುಹೂರ್ತ ಗೊತ್ತುಮಾಡಲು ಸಾಧ್ಯವಿಲ್ಲ ಎಂದು ಉತ್ತರ ಬರೆದರು. ಇಬ್ಬರು ಲಾಯರುಗಳೂ ಫೀಸು ತೆಗೆದುಕೊಂಡರು. ಕಿತ್ತದ್ದರ ಪಕ್ಕದ ಹಲ್ಲು ಆಗಲೇ ಸಣ್ಣಗೆ ಅಲುಗಾಡುತ್ತಿತ್ತು.

ಅವನು ಪ್ರತಿ ಭಾನುವಾರ ಗುಬ್ಬಿಗೆ ನೆನಪಿಸುತ್ತಿದ್ದನಂತೆ, ಎರಡನೆಯದು ನನ್ನದು ಎಂದು. ನಾನೂ ಮನೆಯಲ್ಲಿ, ನೋಡೋಣ ನೋಡೋಣ ಎನ್ನುತ್ತಿದ್ದೆ. ಡಬ್ಬಿಯಲ್ಲಿ ಇನ್ನೊಂದಕ್ಕೆ ಜಾಗ ಇದೆ ಎಂದು ತೋರಿಸುತ್ತಿದ್ದೆ. ಗುಬ್ಬಿ ತಲೆಯಾಡಿಸುತ್ತಿದ್ದಳು. ಅಲ್ಲೂ ಹೀಗೇ ತಲೆಯಾಡಿಸುತ್ತಾಳೆ ಎಂದು ನನಗೆ ಹೊಳೆಯಲಿಲ್ಲ.

ಒಂದು ವ್ಯತ್ಯಾಸ ಮಾತ್ರ ಕಂಡಿತು. ಈಗ ಅವಳು, ನಾನೇ ಹಲ್ಲುಜ್ಜಿಕೊಳ್ಳುತ್ತೇನೆ ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ನನಗೆ ಬೆಳಿಗ್ಗೆ ಲ್ಯಾಬಿಗೆ ಓಡುವ ಅವಸರ, ಅಷ್ಟು ಕೆಲಸ ಕಮ್ಮಿಯಾಯಿತಲ್ಲ ಎಂದುಕೊಂಡೆ. ಹಲ್ಲು ನೋಡೋಣ ಎಂದರೆ, ಇನ್ನೂ ಗಟ್ಟಿ ಇದೆ ಎಂದು ಅತ್ತ ತಿರುಗುತ್ತಿದ್ದಳು. ನಕ್ಕರೂ ತುಟಿ ಬಿಚ್ಚುತ್ತಿರಲಿಲ್ಲ. ದಾರದ ಭಯ ಇನ್ನೂ ಹೋಗಿಲ್ಲ ಎಂದು ನನಗೆ ಒಳಗೊಳಗೇ ಚುಚ್ಚುತ್ತಿತ್ತು, ಅದಕ್ಕೇ ಒತ್ತಾಯ ಮಾಡಲಿಲ್ಲ.

ಆರು ತಿಂಗಳು ಮುಗಿಯುತ್ತ ಬಂತು. ಕೌನ್ಸೆಲರ್ ಮೇಡಂ ನಮ್ಮನ್ನೆಲ್ಲ ಕರೆದರು. ಅಮ್ಮ ಹೇಳುವುದರ ಮೇಲೆ ಎಲ್ಲ ನಿಂತಿತ್ತು. ಅವಳು ಒಳ್ಳೆಯದು ಹೇಳಿದರೆ ಕಾವಲು ತೆಗೆದು, ಶನಿವಾರ ಭಾನುವಾರ ಎರಡು ದಿನವೂ ಗುಬ್ಬಿಯನ್ನು ಅವನ ಮನೆಗೆ ಕಳಿಸುತ್ತಾರೆ. ನನ್ನ ಮಗಳು ಅಲ್ಲಿ ಮಲಗುತ್ತಾಳೆ, ಅಲ್ಲಿ ಏಳುತ್ತಾಳೆ, ನಿದ್ದೆಗಣ್ಣಲ್ಲಿ ಅಮ್ಮ ಎನ್ನುವ ಬದಲು ಅಪ್ಪ ಎನ್ನುತ್ತಾಳೆ. ಇದನ್ನು ಯೋಚಿಸಿದರೇ ನನಗೆ ಊಟ ಸೇರುತ್ತಿರಲಿಲ್ಲ.

ಹಿಂದಿನ ದಿನ ಅಮ್ಮ ಬಟ್ಟೆ ಮಡಿಸುತ್ತಿದ್ದಾಗ ಹತ್ತಿರ ಹೋಗಿ ಕೂತೆ. ಭೇಟಿಯಲ್ಲಿ ಅವನು ಫೋನ್ ನೋಡುತ್ತಿರುತ್ತಾನೆ ಎಂದು ಹೇಳು ಎಂದೆ. ನೋಡುವುದಿಲ್ಲವಲ್ಲ ಎಂದಳು. ಮನೆಯ ವಿಷಯ ಕೆದಕಿ ಕೇಳುತ್ತಾನೆ ಎಂದು ಹೇಳು ಎಂದೆ. ಕೇಳುವುದಿಲ್ಲ, ನೀನೇ ಕೇಳುವುದು ಎಂದಳು. ನಾನು ಅವಳ ಕೈಯಲ್ಲಿದ್ದ ಬಟ್ಟೆ ಕಿತ್ತುಕೊಂಡೆ.

"ನೀನು ಯಾರ ಅಮ್ಮ? ನನ್ನ ಅಮ್ಮನೋ ಅವನ ಅಮ್ಮನೋ?"

ಅವಳು ಸ್ವಲ್ಪವೂ ಬೇಸರ ಮಾಡಿಕೊಳ್ಳಲಿಲ್ಲ. ಆ ಬಟ್ಟೆಯನ್ನು ನನ್ನ ಕೈಯಿಂದ ವಾಪಸು ತೆಗೆದುಕೊಂಡಳು. ಅದು ಗುಬ್ಬಿಯ ಶಾಲೆಯ ಅಂಗಿ.

"ಆ ಕೋಣೇಲಿ ನಾನು ಯಾರ ಅಮ್ಮನೂ ಅಲ್ಲ. ಕಂಡಿದ್ದನ್ನ ಹೇಳ್ತೀನಿ ಅಂತ ಸೈನ್ ಹಾಕಿದೀನಿ. ಕಂಡಿದ್ದೆಲ್ಲಾ ಹೇಳ್ತೀನಿ."

ಆ ಎಲ್ಲಾ ಎಂಬ ಮಾತನ್ನು ಅವಳು ಒತ್ತಿ ಹೇಳಿದ್ದು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ನನ್ನ ತಲೆಯಲ್ಲಿ ಅಳಿಯಂದ್ರು ಮಾತ್ರ ಇದ್ದರು.

ಮೇಡಂ ಕೋಣೆಯಲ್ಲಿ ಮೇಜಿನ ಗಾಜಿನ ಕೆಳಗೆ ಮಕ್ಕಳು ಬಿಡಿಸಿದ ಚಿತ್ರಗಳಿದ್ದವು. ಕಣ್ಣೊರೆಸಿಕೊಳ್ಳುವವರಿಗೆ ಕಾಗದದ ಕರವಸ್ತ್ರದ ಡಬ್ಬ. ಗುಬ್ಬಿಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಅಟೆಂಡರಿಗೆ ನೋಡಿಕೊಳ್ಳಲು ಹೇಳಿದ್ದೆವು. ಅವನು ಡ್ರೈವಿಂಗ್ ಸ್ಕೂಲಿನ ಹೆಸರಿದ್ದ ಟೀ ಶರ್ಟಿನಲ್ಲೇ ಬಂದಿದ್ದ. ನಮ್ಮ ನಡುವೆ ಒಂದು ಖಾಲಿ ಕುರ್ಚಿ. ಅವನ ಬಲಗಾಲು ನೆಲವನ್ನು ಒತ್ತುತ್ತಿತ್ತು, ಅಲ್ಲಿ ಬ್ರೇಕ್ ಇಲ್ಲದಿದ್ದರೂ.

ಮೇಡಂ ಅಮ್ಮನನ್ನು ಕೇಳಿದರು, ಹೇಗಿತ್ತು ಎಂದು. ಅಮ್ಮ ಸೆರಗು ಸರಿಮಾಡಿಕೊಂಡು ಶುರುಮಾಡಿದಳು. ಅಳಿಯಂದ್ರು ಒಂದು ದಿನವೂ ತಡವಾಗಿ ಬಂದಿಲ್ಲ. ಮಗುವಿನ ಮುಂದೆ ಇವಳನ್ನು ಒಂದು ದಿನವೂ ಬೈದಿಲ್ಲ. ಮಗುವಿಗೆ ಅವರ ಜೊತೆ ಖುಷಿ. ಮಗು ಮನೆಯಲ್ಲಿ ಬೋರ್ ಎನ್ನುತ್ತದೆ, ಅದು ನಿಜವಲ್ಲ. ಅವರ ಮೇಲೆ ಕಣ್ಣಿಡುವುದಕ್ಕೆ ನನ್ನ ಅಗತ್ಯ ಇಲ್ಲ ಎಂದಳು. ಒಂದೊಂದು ಮಾತೂ ನನ್ನ ಹೊಟ್ಟೆಗೆ ಒಂದೊಂದು ಕೊಳ್ಳಿ. ಪಕ್ಕಕ್ಕೆ ನೋಡಲಿಲ್ಲ, ಆದರೆ ಅವನು ನಗುತ್ತಿದ್ದಾನೆ ಎಂದು ಗೊತ್ತಾಗುತ್ತಿತ್ತು. ನನ್ನ ಹಲ್ಲಿನಲ್ಲೇ ನನ್ನ ಅಮ್ಮ ನನ್ನ ಕೇಸನ್ನು ಅಗಿದು ಮುಗಿಸುತ್ತಿದ್ದಳು.

ಮೇಡಂ ಪೆನ್ನು ಕೆಳಗಿಟ್ಟರು. ಅಮ್ಮ ಇನ್ನೂ ಎದ್ದಿರಲಿಲ್ಲ.

"ಇನ್ನೊಂದು ಮಾತಿದೆ ಮೇಡಂ. ಮಗೂದು ಎರಡನೇ ಹಲ್ಲು ಬಿದ್ದುಹೋಗಿದೆ."

ನಾನು ತಿರುಗಿದೆ. ಅವನೂ ತಿರುಗಿದ. ಯಾವಾಗ ಎಂದು ಇಬ್ಬರೂ ಒಟ್ಟಿಗೆ ಕೇಳಿದೆವು. ನಾವಿಬ್ಬರೂ ಒಂದೇ ಮಾತನ್ನು ಒಟ್ಟಿಗೆ ಆಡಿದ್ದು ಅದೆಷ್ಟು ವರ್ಷದ ಮೇಲೋ.

ಹತ್ತು ಹದಿನೈದು ದಿನವಾಯಿತು ಎಂದಳು ಅಮ್ಮ. ಶಾಲೆಯಲ್ಲಿ ಬಿತ್ತಂತೆ, ಚಿತ್ರ ಬಿಡಿಸುತ್ತಿರುವಾಗ. ಯಾರಿಗೂ ತೋರಿಸದೆ ಬಚ್ಚಲಿಗೆ ಹೋಗಿ, ಕೈ ತೊಳೆಯುವ ತೊಟ್ಟಿಗೆ ಹಾಕಿ, ನೀರು ಬಿಟ್ಟಳಂತೆ. ಸಣ್ಣ ತೂತಿನಲ್ಲಿ ಇಳಿಯಲಿಲ್ಲವಂತೆ, ಬೆರಳಿನಿಂದ ತಳ್ಳಿದಳಂತೆ. ಅಮ್ಮ ಒಂದು ದಿನ ಅವಳಿಗೆ ತಲೆಸ್ನಾನ ಮಾಡಿಸುವಾಗ ಕಣ್ಣಿಗೆ ಸೋಪು ಹೋಗಿ ಅವಳು ಬಾಯಿ ತೆಗೆದಳು, ಆಗ ಗೊತ್ತಾಯಿತು.

"ಹೋದ ಭಾನುವಾರ ನನಗೆ ತೋರಿಸ್ಲೇ ಇಲ್ಲ ಅತ್ತೆ" ಎಂದ ಅವನು. ಧ್ವನಿ ಮೇಷ್ಟ್ರದ್ದಾಗಿರಲಿಲ್ಲ.

"ನಿಮಗೂ ತೋರಿಸ್ಲಿಲ್ಲ, ಇವಳಿಗೂ ತೋರಿಸ್ಲಿಲ್ಲ. ಯಾಕೆ ಪುಟ್ಟ ಅಂದ್ರೆ, ಅಮ್ಮಂಗೆ ಕೊಟ್ರೆ ಅಪ್ಪಂಗೆ ಕೋಪ, ಅಪ್ಪಂಗೆ ಕೊಟ್ರೆ ಅಮ್ಮಂಗೆ ಕೋಪ ಅಂದಳು. ಹೊಸ ಹಲ್ಲು ಬರೋಕೆ ಎಷ್ಟು ದಿನ ಬೇಕು ಅಜ್ಜಿ, ಅಲ್ಲೀವರೆಗೂ ಬಾಯಿ ಮುಚ್ಕೊಂಡಿರ್ತೀನಿ ಅಂದಳು."

ಆಗ ನನಗೆ ಮೊದಲು ಬಂದದ್ದು ದುಃಖ ಎಂದರೆ ಸುಳ್ಳಾದೀತು. ಮೊದಲು ಬಂದದ್ದು ಅದೇ ಹಳೆಯ ಕಿಚ್ಚು, ಅಮ್ಮನಿಗೆ ಹೇಳಿದಳು, ನನಗೆ ಹೇಳಲಿಲ್ಲ ಎಂದು. ಶಾಲೆಯ ತೊಟ್ಟಿಯ ಮೇಲೂ ಹೊಟ್ಟೆಕಿಚ್ಚು, ಅದಕ್ಕೆ ಸಿಕ್ಕಿತಲ್ಲ ಎಂದು. ಅವನ ಕಡೆ ನೋಡಿದೆ. ಅವನ ಮುಖದಲ್ಲೂ ಅದೇ ಇತ್ತು, ನನ್ನ ಮುಖವನ್ನೇ ಅಚ್ಚು ತೆಗೆದು ಹೊಯ್ದ ಹಾಗೆ. ಅವನೂ ನನ್ನನ್ನು ನೋಡಿ ಅದನ್ನೇ ಕಂಡಿರಬೇಕು. ಇಬ್ಬರೂ ಒಟ್ಟಿಗೆ ಕಣ್ಣು ತಗ್ಗಿಸಿದೆವು. ದುಃಖ ಆಮೇಲೆ ಬಂತು, ಬಂದದ್ದು ಹೋಗಲಿಲ್ಲ. ಊರವರ ಬಾಯಲ್ಲಿ ಕೂದಲೆಳೆಯಷ್ಟು ಸಂದಿ ಇದ್ದರೂ ಕಂಡುಹಿಡಿಯುವ ನಾನು, ನನ್ನ ಎದುರಿಗೇ ಕೂತು ಉಣ್ಣುವ ಮಗಳ ಬಾಯಲ್ಲಿ ಎರಡು ಹಲ್ಲಿನ ಜಾಗ ಖಾಲಿಯಿದ್ದದ್ದನ್ನು ನೋಡಿರಲಿಲ್ಲ. ಅವಳು ಅಷ್ಟು ಜಾಣತನದಿಂದ ಬಾಯಿ ಮುಚ್ಚಿಕೊಂಡಿದ್ದಳು.

ಮೇಡಂ ಮುಂದಿನ ತಿಂಗಳಿನಿಂದ ಶನಿವಾರ ಭಾನುವಾರ ಕಳಿಸಬಹುದು ಎಂದು ಬರೆಯುತ್ತೇನೆ ಎಂದರು, ಏನಾದರೂ ಹೇಳುವುದಿದೆಯೇ ಎಂದು ನನ್ನನ್ನು ಕೇಳಿದರು. ಮನೆಯಿಂದ ಹೊರಡುವಾಗ ನನ್ನ ಹತ್ತಿರ ಹೇಳುವುದು ಬೇಕಾದಷ್ಟಿತ್ತು. ಏನೂ ಇಲ್ಲ ಎಂದೆ. ಅವನನ್ನೂ ಕೇಳಿದರು. ಗೆದ್ದವನು, ಥ್ಯಾಂಕ್ಸ್ ಆದರೂ ಹೇಳಬಹುದಿತ್ತು. ಅವನೂ ತಲೆಯಾಡಿಸಿದ ಅಷ್ಟೇ. ಅಮ್ಮ ಮೇಜಿನ ಮೇಲಿನ ಡಬ್ಬದಿಂದ ಒಂದು ಕಾಗದ ಎಳೆದುಕೊಂಡು ಕಣ್ಣೊರೆಸಿಕೊಂಡಳು. ನಮ್ಮಿಬ್ಬರಿಗೂ ಕೊಡಲಿಲ್ಲ.

ಎದ್ದೆವು. ಬಾಗಿಲಲ್ಲಿ ನಾನು ಮೊದಲು ಹೋಗಲೋ ಅವನು ಹೋಗಲೋ ಎಂದು ಇಬ್ಬರೂ ಒಂದು ಕ್ಷಣ ನಿಂತು, ಕೊನೆಗೆ ಭುಜ ತಾಗಿಸಿಕೊಂಡು ಒಟ್ಟಿಗೇ ಹೊರಬಂದೆವು.

ಉದ್ದನೆಯ ಮೊಗಸಾಲೆಯ ಆ ತುದಿಯಲ್ಲಿ ಗುಬ್ಬಿ ಬೆಂಚಿನ ಮೇಲೆ ಕಾಲಾಡಿಸುತ್ತ ಕೂತಿದ್ದಳು. ಮುದುಕ ಅಟೆಂಡರ್ ಅವಳೆದುರು ಕುಕ್ಕರಗಾಲಿನಲ್ಲಿ ಕೂತು, ಕೈ ತಾಗಿಸದೆ ತನ್ನ ಎರಡೂ ಕಿವಿ ಅಲ್ಲಾಡಿಸಿ ತೋರಿಸುತ್ತಿದ್ದ. ಅವಳು ತಲೆ ಹಿಂದಕ್ಕೆ ಹಾಕಿ ಬಾಯಿತುಂಬ ನಗುತ್ತಿದ್ದಳು. ಅಷ್ಟು ದೂರದಿಂದಲೂ ಕಂಡಿತು, ಕೆಳಗೆ ಮಧ್ಯದಲ್ಲಿ ಎರಡು ಹಲ್ಲಿನಗಲದ ಖಾಲಿ ಜಾಗ, ಅದರಲ್ಲಿ ಇಣುಕುವ ನಾಲಿಗೆಯ ತುದಿ. ನಾನು ಇದುವರೆಗೆ ನೋಡದ ನನ್ನ ಮಗಳ ನಗು ಅದು. ಪಕ್ಕದಲ್ಲಿ ಅವನೂ ನೋಡುತ್ತಿದ್ದ.

ಅಷ್ಟರಲ್ಲಿ ಅವಳು ನಮ್ಮನ್ನು ಕಂಡಳು. ಕೂಡಲೇ ಬಾಯಿ ಮುಚ್ಚಿ ತುಟಿ ಬಿಗಿಹಿಡಿದಳು. ಬೆಂಚಿನಿಂದ ಇಳಿದು ನಿಂತು, ಮೊದಲು ಅವನನ್ನು, ಆಮೇಲೆ ನನ್ನನ್ನು ನೋಡಿ, ತುಟಿ ಬಿಚ್ಚದೆ, ಇಬ್ಬರಿಗೂ ಒಂದೇ ಅಳತೆಯಲ್ಲಿ ನಕ್ಕಳು.